ಡಾಕ್ಟ್ರಮ್ಮನ ಕಾರಿನ ಮುಂದಿನ ನಂಬರ್ ಪ್ಲೇಟು

ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ನನ್ನನ್ನು ಹುಡುಕಿಕೊಂಡು ಬಂದರೆ ಕೂತ ತಕ್ಷಣ ಇಂಜಿನ್ ವಿಷಯ ಎತ್ತುತ್ತಾರೆ. ಗೇರ್‌ಬಾಕ್ಸ್ ಬಿಚ್ಚಿದ್ದು, ಪಿಸ್ಟನ್ ಬದಲಿಸಿದ್ದು, ಶಬ್ದ ಕೇಳಿಯೇ ರೋಗ ಹೇಳಿದ್ದು, ಇಂಥವೇ ಅವರಿಗೆ ಬೇಕು. ಮುಂದಿನ ನಂಬರ್ ಪ್ಲೇಟು ಹೇಗೆ ಕೂರಿಸಬೇಕು ಎಂದು ಇವತ್ತಿನವರೆಗೆ ಒಬ್ಬನೂ ಕೇಳಿಲ್ಲ. ಅದೇನು ಮಹಾ, ಎರಡು ಬೋಲ್ಟು ತಿರುಗಿಸಿದರಾಯಿತು ಅನ್ನುವ ಧೋರಣೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ನನಗೂ ಅದೇ ಧೋರಣೆ ಇತ್ತು. ಆ ಎರಡು ಬೋಲ್ಟು ನನ್ನ ಹೆಂಡತಿಯ ಪ್ರಾಣಕ್ಕೇ ಸಂಚಕಾರ ತರುವ ಮಟ್ಟಕ್ಕೆ ಹೋದದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ. ಯಾವ ವರ್ಷ ಫಿಟ್ಟರ್ ಆದೆ, ಯಾವ ವರ್ಷ ಹೆಡ್ ಮೆಕ್ಯಾನಿಕ್ ಆದೆ ಅನ್ನುವುದೆಲ್ಲ ಬೀರುವಿನ ಕಾಗದಗಳಲ್ಲಿದೆ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ಐವತ್ತರ ದಶಕದ ಕೊನೆಯ ಮಾತು. ರಾಜಾಜಿನಗರ ಆಗಿನ್ನೂ ಕಣ್ಣುಬಿಡುತ್ತಿತ್ತು. ಸೈಟಿಗೆ ನೆಟ್ಟ ಕಲ್ಲುಗಳು ಹೆಚ್ಚು, ಮನೆಗಳು ಕಡಿಮೆ. ಈಗ ಮಹಾಲಕ್ಷ್ಮಿ ಲೇಔಟ್ ಇರುವ ಕಡೆ ರಾಗಿ ಹೊಲ. ನಾವು ಕೆಲಸ ಮಾಡುತ್ತಿದ್ದ ಗ್ಯಾರೇಜು ಒಂದು ತಗಡಿನ ಶೆಡ್ಡು, ಮುಂದೆ ಒಂದು ಹೊಂಗೆ ಮರ. ಮಾಲೀಕರು, ಗುರುಗಳು, ಬೈಯುವವರು ಎಲ್ಲ ಒಬ್ಬರೇ, ಮುನಿಸ್ವಾಮಿ ಮೇಸ್ತ್ರಿ. ಅವರು ಬೈದರೆ ಕೆಲಸ ಬರುತ್ತದೆ ಎಂದು ನಾವು ನಂಬಿದ್ದೆವು, ಯಾಕೆಂದರೆ ಅವರು ಬೇರೆ ಯಾವ ರೀತಿಯಲ್ಲೂ ಕಲಿಸುತ್ತಿರಲಿಲ್ಲ.

ನಮ್ಮ ಗ್ಯಾರೇಜಿಗೆ ಬರುತ್ತಿದ್ದ ಗಾಡಿಗಳಲ್ಲಿ ಒಂದಕ್ಕೆ ಮಾತ್ರ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಹಸಿರು ಬಣ್ಣದ, ನೆಲಕ್ಕೆ ಅಂಟಿದ ಹಾಗಿದ್ದ, ಎರಡೇ ಸೀಟಿನ ವಿಲಾಯಿತಿ ಸ್ಪೋರ್ಟ್ಸ್ ಕಾರು. ಹಳ್ಳಿಯವರು ಅದನ್ನು ಕಪ್ಪೆ ಕಾರು ಅನ್ನುತ್ತಿದ್ದರು. ವಿಮಾನದ ಕೆಲಸದಲ್ಲಿದ್ದ ಅಣ್ಣ ಪರದೇಶಕ್ಕೆ ಹೋಗುವಾಗ ತಂಗಿಗೆ ಬಿಟ್ಟುಹೋಗಿದ್ದ ಗಾಡಿ ಅದು. ತಂಗಿ ಎಂದರೆ ನಮ್ಮ ಡಾಕ್ಟ್ರಮ್ಮ. ಹೊಸ ಮನೆಗಳ ಸಾಲಿನಲ್ಲಿ ಒಂದು ಸಣ್ಣ ದವಾಖಾನೆ ಇಟ್ಟುಕೊಂಡಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಕರವಸ್ತ್ರ ಕಟ್ಟಿ, ಲಗ್ಗೆರೆಯಿಂದ ಬ್ಯಾಡರಹಳ್ಳಿಯವರೆಗೆ ಹೆರಿಗೆ ಮಾಡಿಸಲು ಆ ಕಾರಿನಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದರು. ಮೊದಮೊದಲು ಅವರನ್ನು ನೋಡಿ ಬಾಯಿ ಮೇಲೆ ಬೆರಳಿಟ್ಟ ಹೆಂಗಸರೇ ಆಮೇಲೆ ಅವರ ಹಾರನ್ ಕೇಳಿದರೆ ಕಾಫಿಗೆ ನೀರಿಡುತ್ತಿದ್ದರು.

ನನ್ನ ಹೆಂಡತಿ ಗೌರಿಯ ತವರು ಬ್ಯಾಡರಹಳ್ಳಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ಮಾವ ಏಳನೇ ತಿಂಗಳಲ್ಲೇ ಬಂದು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದರು. ಡಾಕ್ಟ್ರಮ್ಮ ಒಂದು ಸಲ ನೋಡಿ ಬಂದು, ಗ್ಯಾರೇಜಿನ ಹತ್ತಿರ ಕಾರು ನಿಲ್ಲಿಸಿ ನನ್ನನ್ನು ಕರೆದರು.

"ರಂಗಪ್ಪ, ಮಗು ಅಡ್ಡ ಮಲಗಿದೆ. ತಿರುಗಿಕೊಂಡರೆ ಸರಿ. ಇಲ್ಲದಿದ್ರೆ ಸೂಲಗಿತ್ತಿ ಕೈಲಿ ಆಗಲ್ಲ. ನೋವು ಶುರು ಆದ ತಕ್ಷಣ ನನಗೆ ಹೇಳಿಕಳಿಸಿ, ನಾನೇ ಬರ್ತೀನಿ."

ಅವತ್ತಿನಿಂದ ಆ ಕಪ್ಪೆ ಕಾರಿನ ಮೇಲೆ ನನಗೆ ಭಕ್ತಿ ಬಂದುಬಿಟ್ಟಿತು. ಬೇರೆ ಗಾಡಿಗಳಿಗೆ ಒಂದು ಕೈ ಒರೆಸಿದರೆ ಅದಕ್ಕೆ ಮೂರು ಕೈ ಒರೆಸುತ್ತಿದ್ದೆ. ಭಕ್ತಿ ಬಂದರೂ ಬುದ್ಧಿ ಬಂದಿರಲಿಲ್ಲ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಆ ಕಾರಿಗೆ ಮುಂದಿನ ನಂಬರ್ ಪ್ಲೇಟು ಕೂರಿಸಲು ಜಾಗವೇ ಇರಲಿಲ್ಲ. ಮೂತಿ ಉರುಟು, ಮುಂದೆ ಬಂಪರ್ ಇಲ್ಲ, ನಡುವೆ ಗಾಳಿ ಹೋಗಲು ಜಾಲರಿ. ಜೊತೆಗೆ ಡಾಕ್ಟ್ರಮ್ಮನ ಕಟ್ಟಪ್ಪಣೆ ಬೇರೆ: "ನಮ್ಮಣ್ಣ ವಾಪಸ್ ಬಂದಾಗ ಬಾಡಿ ಮೇಲೆ ಒಂದು ತೂತೂ ಕಾಣಬಾರದು." ಆಗ ಪ್ಲೇಟುಗಳು ಈಗಿನ ಹಾಗೆ ಅಚ್ಚಾಗಿ ಬರುತ್ತಿರಲಿಲ್ಲ. ತಗಡು ಕತ್ತರಿಸಿ, ಕಪ್ಪು ಬಳಿದು, ಕುಂಚದಲ್ಲಿ ಬಿಳಿ ಅಕ್ಷರ ಬರೆಯುತ್ತಿದ್ದೆವು. ನನ್ನ ಅಕ್ಷರ ಚೆನ್ನಾಗಿತ್ತು. ಅಕ್ಷರ ಚೆನ್ನಾಗಿ ಬಂದರೆ ಕೆಲಸ ಮುಗಿಯಿತು ಎಂದುಕೊಂಡು ಪ್ಲೇಟನ್ನು ತಂತಿಯಲ್ಲಿ ಜಾಲರಿಯ ಕೆಳಗೆ ಬಿಗಿದು ಕಳಿಸಿದೆ.

ವಾರದೊಳಗೆ ಪ್ಲೇಟು ಮಾಯ. ತಂತಿ ಅಲುಗಿ ಅಲುಗಿ ತುಂಡಾಗಿತ್ತು. ಡಾಕ್ಟ್ರಮ್ಮ ಲಗ್ಗೆರೆಯಲ್ಲಿ ಒಂದು ಮನೆಗೆ ಬಾಣಂತಿಯನ್ನು ನೋಡಲು ಹೋದಾಗ, ಅಂಗಳದ ಕೋಳಿಗೂಡಿಗೆ ತಮ್ಮ ಕಾರಿನ ನಂಬರೇ ಬಾಗಿಲಾಗಿ ನಿಂತಿತ್ತಂತೆ. ಕೇಳಿದರೆ ಆ ಮನೆಯ ಅಜ್ಜಿ, "ದಾರೀಲಿ ಬಿದ್ದಿತ್ತು ತಾಯಿ. ಬೆಕ್ಕಿನ ಕಾಟ. ಹುಂಜಕ್ಕೂ ಒಂದು ನಂಬರ್ ಇರ್ಲಿ ಬಿಡಿ" ಅಂದಳಂತೆ. ಡಾಕ್ಟ್ರಮ್ಮ ನಗುತ್ತ ಬಂದು ಹೇಳಿದರು. ಮೇಸ್ತ್ರಿ ನಗಲಿಲ್ಲ.

"ಲೋ ರಂಗ, ಆ ಮುದುಕಿ ಕೋಳಿಗೂಡಿಗೆ ಕಟ್ಟಿರೋಷ್ಟು ಗಟ್ಟಿಯಾಗಿ ಕಾರಿಗೆ ಕಟ್ಟೋಕೆ ಆಗ್ಲಿಲ್ವೇನೋ ನಿನಗೆ?"

ಎರಡನೇ ಸಲ ತಂತಿ ಬಿಟ್ಟು ಬೋಲ್ಟು ಹಿಡಿದೆ. ಬಾಡಿಗೆ ತೂತು ಹಾಕುವ ಹಾಗಿಲ್ಲವಲ್ಲ, ಜಾಲರಿಯ ಕಂಬಿಗಳಿಗೇ ಪಟ್ಟಿ ಕೊಟ್ಟು ಪ್ಲೇಟನ್ನು ಅದರ ಎದುರಿಗೆ ಕೂರಿಸಿದೆ. ನೋಡಲು ಬಹಳ ಲಕ್ಷಣವಾಗಿತ್ತು. ಮಾಗಡಿ ರಸ್ತೆಯ ಏರು ಹತ್ತುವ ಹೊತ್ತಿಗೆ ರೇಡಿಯೇಟರ್ ಕುದಿಯಲು ಶುರು. ಗಾಳಿ ಹೋಗುವ ದಾರಿಗೇ ನಾನು ಬಾಗಿಲು ಹಾಕಿದ್ದೆ. ಅದೂ ಸಾಲದೆ, ವಾಷರ್ ಇಲ್ಲದೆ ಬರೀ ನಟ್ಟು ಹಾಕಿದ್ದರಿಂದ ಒಂದು ಕಡೆಯದು ಬಿಚ್ಚಿಹೋಗಿ ಪ್ಲೇಟು ಓರೆಯಾಗಿ ನೇತಾಡುತ್ತಿತ್ತು. ಹೊಗೆಯಾಡುವ ಕಾರು, ನೇತಾಡುವ ನಂಬರು, ಪಕ್ಕದಲ್ಲಿ ನಿಂತ ಡಾಕ್ಟ್ರಮ್ಮ. ಆ ಹೊತ್ತಿಗೆ ಸರಿಯಾಗಿ ಮೋಟಾರು ಇನ್ಸ್‌ಪೆಕ್ಟರು ಅದೇ ದಾರಿಯಲ್ಲಿ ಬರಬೇಕೇ?

ಆ ಇನ್ಸ್‌ಪೆಕ್ಟರು ದಪ್ಪ ಮನುಷ್ಯ, ಪ್ರಾಮಾಣಿಕ, ಆದ್ದರಿಂದ ಯಾರಿಗೂ ಬೇಡವಾದವರು. "ಮೂರು ದಿನದಲ್ಲಿ ಪ್ಲೇಟು ಭದ್ರವಾಗಿ ಕೂರಿಸಿ ನನಗೆ ತೋರಿಸಬೇಕು. ಇಲ್ಲದಿದ್ರೆ ಈ ಗಾಡಿ ರಸ್ತೆಗೆ ಇಳಿಯೋ ಹಾಗಿಲ್ಲ" ಎಂದು ಬರೆದುಕೊಟ್ಟರು. ಆ ಚೀಟಿ ನೋಡಿ ನಾನು ಬೆರಳಲ್ಲಿ ದಿನ ಎಣಿಸಿದೆ. ಗೌರಿಗೆ ಎಂಟು ತಿಂಗಳು ತುಂಬಿತ್ತು. ಕಾರು ನಿಂತರೆ ಡಾಕ್ಟ್ರಮ್ಮ ಬ್ಯಾಡರಹಳ್ಳಿಗೆ ಬರುವುದು ಹೇಗೆ?

ಮೇಸ್ತ್ರಿ ಕಾರಿನ ಅಡಿ ಮಲಗಿ, ಎದ್ದು, ಬೀಡಿ ಹಚ್ಚಿ, ಕೊನೆಗೆ ದಾರಿ ಹೇಳಿದರು. ಅದನ್ನು ಈಗಿನವರಿಗೂ ಹೇಳುತ್ತೇನೆ, ಇವತ್ತಿಗೂ ಅದೇ ಸರಿ. ಪ್ಲೇಟು ಬಾಡಿಯನ್ನು ನಂಬಬಾರದು, ಚಾಸಿಯನ್ನು, ಅಂದರೆ ಬಾಡಿಯ ಅಡಿಯ ಕಬ್ಬಿಣದ ಚೌಕಟ್ಟನ್ನು ನಂಬಬೇಕು. ಚಾಸಿಯ ಎರಡು ಮೂತಿಗಳಿಂದ ದಪ್ಪ ಕಬ್ಬಿಣದ ಪಟ್ಟಿ ಮುಂದಕ್ಕೆ ತಂದು, ಅದರ ಮೇಲೆ ಜಾಲರಿಗಿಂತ ಕೆಳಗೆ ಪ್ಲೇಟು ಕೂರಿಸಬೇಕು. ನಡುವೆ ಹಳೇ ಟ್ಯೂಬಿನ ರಬ್ಬರು ಕೊಟ್ಟರೆ ನಡುಕ ಅಲ್ಲೇ ಸಾಯುತ್ತದೆ. ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್, ನಟ್ಟಿನ ಮೇಲೆ ಇನ್ನೊಂದು ನಟ್ಟು. ಅಷ್ಟು ಸಾಕು.

ಅಷ್ಟು ಸಾಕು ಎಂದು ಮೇಸ್ತ್ರಿ ಹೇಳಿದರು. ನನಗೆ ಸಾಕಾಗಲಿಲ್ಲ. ಅವರು ಊಟಕ್ಕೆ ಹೋದಾಗ ಪಟ್ಟಿಗೆ ಎತ್ತಿನ ಗಾಡಿಯ ಚಕ್ರದ ಹಳಿಯ ತುಂಡನ್ನೇ ಹಾಕಿದೆ. ಎರಡು ಬೋಲ್ಟು ಇರಬೇಕಾದಲ್ಲಿ ಆರು ಹಾಕಿದೆ. ಆಮೇಲೆ ಸುತ್ತಿಗೆ ತೆಗೆದುಕೊಂಡು ಆರು ಬೋಲ್ಟಿನ ತುದಿಯನ್ನೂ ಹೂವಿನ ಹಾಗೆ ಅರಳುವಷ್ಟು ಬಡಿದುಬಿಟ್ಟೆ. ಇನ್ನು ಯಾವ ಸ್ಪ್ಯಾನರೂ ಅದನ್ನು ಬಿಚ್ಚುವ ಹಾಗಿರಲಿಲ್ಲ. ಇನ್ಸ್‌ಪೆಕ್ಟರು ಬಂದವರು ಮೊದಲು ಪ್ಲೇಟನ್ನು ಕೈಯಲ್ಲಿ ಅಲ್ಲಾಡಿಸಿದರು, ಆಮೇಲೆ ಕಾಲಿನಲ್ಲಿ ಒತ್ತಿದರು, ಕೊನೆಗೆ ಹಟ ಹುಟ್ಟಿ ಅದರ ಮೇಲೆ ಕೂತೇಬಿಟ್ಟರು. ಕಾರಿನ ಮೂತಿ ಬಗ್ಗಿತು, ಪ್ಲೇಟು ಬಗ್ಗಲಿಲ್ಲ. ಅವರು ಪಾಸು ಮಾಡಿದ ಮೇಲೆ ಆ ಸುದ್ದಿಯನ್ನು ನಾನು ಊರಿಗೆಲ್ಲ ಹೇಳಿದೆ, ಬ್ಯಾಡರಹಳ್ಳಿಗೆ ಹೋಗಿ ಮಾವನಿಗೆ ಎರಡು ಸಲ ಹೇಳಿದೆ.

ಇನ್ನು ಆಯುಧಪೂಜೆಯ ದಿನಕ್ಕೆ ಬರುತ್ತೇನೆ. ಗ್ಯಾರೇಜಿನಲ್ಲಿ ಅದು ವರ್ಷದ ದೊಡ್ಡ ಹಬ್ಬ. ಸ್ಪ್ಯಾನರು, ಸುತ್ತಿಗೆ, ಜಾಕಿ ಎಲ್ಲ ಸೀಗೇಪುಡಿಯಲ್ಲಿ ತೊಳೆಸಿಕೊಂಡು, ಕುಂಕುಮ ಇಡಿಸಿಕೊಂಡು ಮಣೆಯ ಮೇಲೆ ಕೂತಿದ್ದವು. ಒಂದು ಸಲ ಪೂಜೆಗೆ ಕೂತ ಆಯುಧವನ್ನು ಮಾರನೇ ದಿನ ಮೇಸ್ತ್ರಿಯೇ ಎತ್ತಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಡಾಕ್ಟ್ರಮ್ಮನ ಕಾರೂ ಪೂಜೆಗೆ ಬಂದಿತ್ತು. ಅದರ ಟೂಲ್ಸ್ ಚೀಲವನ್ನು ತಂದು ಮಣೆಯ ಮೇಲಿಟ್ಟವನು ನಾನೇ. ಕಾರಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನೆರೆದವರೆಲ್ಲ ಸರದಿಯ ಮೇಲೆ ಹಾರನ್ ಒತ್ತಿ, ಸೆಲ್ಫ್ ಹೊಡೆದು ಖುಷಿಪಟ್ಟರು. ಬ್ಯಾಟರಿ ಸೊರಗುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಬ್ಯಾಡರಹಳ್ಳಿಯಿಂದ ಮಾವನ ಪಕ್ಕದ ಮನೆಯವನು ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದ. ಗೌರಿಗೆ ಬೆಳಗ್ಗೆಯೇ ನೋವು ಶುರುವಾಗಿತ್ತು. ಮಗು ತಿರುಗಿರಲಿಲ್ಲ.

ಡಾಕ್ಟ್ರಮ್ಮ ಹೋಗಿ ಕಾರಿನಲ್ಲಿ ಕೂತರು. ನಾನು ಟೂಲ್ಸ್ ಚೀಲಕ್ಕೆ ಕೈ ಹಾಕಿದೆ. ಮೇಸ್ತ್ರಿ ನನ್ನ ಕೈ ಹಿಡಿದರು.

"ಬೇಡ ಕಣೋ. ಒಂದೇ ದಿನ ಅವಕ್ಕೂ ರಜ. ಕಾರು ಓಡ್ತಾ ಇದೆ ತಾನೆ? ಹೊರಡು, ಹೊತ್ತು ಮಾಡ್ಬೇಡ."

ಹೊರಟೆವು. ದಾರಿಯುದ್ದಕ್ಕೂ ಬಾಳೆ ಎಲೆ ನನ್ನ ಮುಖಕ್ಕೆ ಬಡಿಯುತ್ತಿತ್ತು. ಹಸ್ತದ ಮಳೆ ಚೆನ್ನಾಗಿ ಹೊಡೆದು ಬ್ಯಾಡರಹಳ್ಳಿಯ ಮುಂದಿನ ಹಳ್ಳದಲ್ಲಿ ಮೊಣಕಾಲುದ್ದ ನೀರು. ಡಾಕ್ಟ್ರಮ್ಮ ನುಗ್ಗಿಸಿದರು. ಕಾರು ನಡುಹಳ್ಳದವರೆಗೆ ಹೋಗಿ, ಕೆಮ್ಮಿ, ನಿಂತಿತು. ಚಕ್ರ ಕೆಸರಿನಲ್ಲಿ ಅರ್ಧ ಹೂತುಹೋಯಿತು. ಸೆಲ್ಫ್ ಹೊಡೆದರೆ ಟಿಕ್ ಅಂದು ಸುಮ್ಮನಾಯಿತು. ಡಾಕ್ಟ್ರಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಸೀರೆ ಎತ್ತಿಕಟ್ಟಿ ನೀರಿಗಿಳಿದರು.

"ಔಷಧಿ ಚೀಲ ಕೊಡಿ ಇಲ್ಲಿ. ನಾನು ನಡೆದು ಹೋಗ್ತೀನಿ. ನೀವು ಇದನ್ನ ಹೊರಗೆ ತೆಗೀರಿ, ವಾಪಸ್ ಹೋಗೋಕೆ ಬೇಕಾಗಬಹುದು."

ಸೀಟಿನ ಕೆಳಗೆ, ಕಾರಿನ ಮುಂದಿನಿಂದ ತೂರಿಸಿ ಕೈಯಲ್ಲೇ ಇಂಜಿನ್ ತಿರುಗಿಸುವ ಸ್ಟಾರ್ಟಿಂಗ್ ಹ್ಯಾಂಡಲ್ ಇತ್ತು. ಪೂಜೆಗೆ ಇಡಲು ಮರೆತದ್ದು ಅದೊಂದೇ, ಪುಣ್ಯ ಎಂದುಕೊಂಡೆ. ಇಂಜಿನ್ ತಿರುಗಿದರೆ ಗೇರಿಗೆ ಹಾಕಿ ಹೇಗಾದರೂ ಹೊರಗೆ ತರಬಹುದು. ಮುಚ್ಚಳ ತೆಗೆದು ಒದ್ದೆಯಾದ ಪ್ಲಗ್ ವೈರುಗಳನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಹ್ಯಾಂಡಲ್ ಹಿಡಿದು ಕಾರಿನ ಮುಂದೆ ಬಂದೆ. ಹ್ಯಾಂಡಲ್ ತೂರಿಸುವ ತೂತು ಜಾಲರಿಯ ಕೆಳಗೆ, ಸರಿಯಾಗಿ ನಡುವೆ ಇರಬೇಕಿತ್ತು. ಅಲ್ಲಿ ನನ್ನ ನಂಬರ್ ಪ್ಲೇಟು ಇತ್ತು. ಆರು ಬೋಲ್ಟು, ಆರಕ್ಕೂ ಬಡಿದ ತಲೆ. ಬಿಚ್ಚಲು ಸ್ಪ್ಯಾನರಿಲ್ಲ, ಇದ್ದರೂ ಬಿಚ್ಚುವುದಿಲ್ಲ. ಕಾರಿನ ಮೂತಿಗೆ ನಾನೇ ಬೀಗ ಹಾಕಿ ಬೀಗದಕೈ ಎಸೆದಿದ್ದೆ. ಹಳ್ಳದ ನಡುವೆ ನಿಂತು ನನ್ನ ಅಂದವಾದ ಅಕ್ಷರಗಳನ್ನೇ ನೋಡುತ್ತ ನನ್ನನ್ನು ನಾನು ಬಾಯಿತುಂಬ ಬೈದುಕೊಂಡೆ. ಅಳುವೂ ಬಂತು. ಅಲ್ಲಿ ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಅತ್ತೆ.

ಸ್ವಲ್ಪ ಹೊತ್ತಿಗೆ ಮಾವ ಓಡೋಡಿ ಬಂದರು, ಹಿಂದೆ ನಾಲ್ಕು ಜನ ಗಂಡಸರು. ಡಾಕ್ಟ್ರಮ್ಮ ಗೌರಿಯನ್ನು ನೋಡಿದ್ದರು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು, ಆಪರೇಷನ್ ಆಗಬೇಕಾಗಬಹುದು, ಎತ್ತಿನ ಗಾಡಿಯಲ್ಲಿ ಹೋದರೆ ಹೊತ್ತು ಮೀರುತ್ತದೆ ಎಂದಿದ್ದರು. ನಾಲ್ಕು ಜನ ಹಿಂದಿನಿಂದ ತಳ್ಳಿದರು. ಕಾರು ಇನ್ನಷ್ಟು ಹೂತುಕೊಂಡಿತು. ಮಾವ ಮನೆಗೆ ಓಡಿ ಎತ್ತಿನ ಜೋಡಿ ಹೊಡೆದುಕೊಂಡು ಬಂದರು. ಅವುಗಳ ಹಣೆಗೂ ಕುಂಕುಮ ಇತ್ತು.

"ಇವತ್ತು ಎತ್ತು ಕಟ್ಟಬಹುದಾ?" ಎಂದು ಒಬ್ಬ ಅನುಮಾನ ಎತ್ತಿದ.

"ಎತ್ತು ಆಯುಧ ಅಲ್ಲ ಕಣಯ್ಯ, ಸುಮ್ಕಿರು" ಅಂದರು ಮಾವ.

ನೊಗಕ್ಕೆ ಹಗ್ಗ ಹಾಕಿ, ಇನ್ನೊಂದು ತುದಿ ಹಿಡಿದು ಕಾರಿನ ಮುಂದೆ ಬಂದು ಕೈಯಾಡಿಸಿದರು. ಮುಂದೆ ಕಟ್ಟಲು ಸಿಕ್ಕುವಂಥದ್ದು ಬೇರೆ ಏನೂ ಇರಲಿಲ್ಲ. ಉಳಿದದ್ದೆಲ್ಲ ಕೆಸರಿನೊಳಗೆ. ಮಾವ ಹಗ್ಗವನ್ನು ಪ್ಲೇಟಿನ ಹಿಂದಿನ ಹಳಿಗೆ ಸುತ್ತಿದರು.

"ಮಾವ, ಮಾವ! ಅದು ನಂಬರ್ ಪ್ಲೇಟು! ಕಿತ್ತುಕೊಂಡು ಬರ್ತದೆ!"

ಮಾವ ತಲೆ ಎತ್ತಿ ನೋಡಿದರು. "ಹಾಕಿದೋನು ನೀನೇ ಅಲ್ವೇನಪ್ಪ? ಇನ್ಸ್‌ಪೆಟ್ರು ಮೇಲೆ ಕುಂತ್ರೂ ಅಲ್ಲಾಡಲಿಲ್ಲ ಅಂತ ಎರಡು ಸಲ ಹೇಳ್ದೆ. ಸುಳ್ಳಾ?"

ಸುಳ್ಳೇನೂ ಅಲ್ಲ. ಆದರೆ ದಪ್ಪ ಮನುಷ್ಯ ಕೂರುವುದು ಬೇರೆ, ಎರಡು ಎತ್ತು ಎಳೆಯುವುದು ಬೇರೆ. ಪ್ಲೇಟು ಕಿತ್ತು ಬಂದರೆ ಗೌರಿಯ ಗತಿ ಏನು ಎಂಬುದೊಂದೇ ತಲೆಯಲ್ಲಿತ್ತು. ಮಾವ ಕೂಗು ಹಾಕಿದರು. ಎತ್ತುಗಳು ಕತ್ತು ಬಗ್ಗಿಸಿದವು. ಹಗ್ಗ ಬಿಗಿಯಿತು. ನಾನು ಸ್ಟಿಯರಿಂಗ್ ಹಿಡಿದು ಕಣ್ಣು ಮುಚ್ಚಿಕೊಂಡೆ. ಕಬ್ಬಿಣ ಕಿರ್ರೆಂದು ನರಳಿತು. ಕಾರು ಒಂದು ಗೇಣು ಜರುಗಿತು, ಇನ್ನೊಂದು ಗೇಣು, ಆಮೇಲೆ ಕೆಸರು ಪಚಕ್ಕೆಂದು ಬಿಟ್ಟುಕೊಟ್ಟಿತು.

ದಂಡೆ ಹತ್ತಿದ ಮೇಲೂ ಬಿಡಬೇಡಿ, ಓಡಿಸಿ ಎಂದು ಕೂಗಿದೆ. ಎತ್ತುಗಳನ್ನು ಓಡಿಸಿದರು. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಮೂರನೇ ಜಗ್ಗಿಗೆ ಇಂಜಿನ್ ಢಂ ಎಂದು ಸಿಡಿದು ಹೊತ್ತಿಕೊಂಡಿತು. ಆ ಸದ್ದಿಗೆ ಎತ್ತುಗಳು ಬೆದರಿ ರಸ್ತೆ ಬಿಟ್ಟು ರಾಗಿ ಹೊಲಕ್ಕೆ ನುಗ್ಗಿದವು, ಹಿಂದೆಯೇ ಬಾಳೆಕಂದು ಕಟ್ಟಿದ ಕಪ್ಪೆ ಕಾರು, ಅದರಲ್ಲಿ ನಾನು. ಹಗ್ಗ ಕತ್ತರಿಸೋಣ ಎಂದರೆ ಊರಿನ ಮಚ್ಚು, ಕುಡುಗೋಲು ಎಲ್ಲ ಪೂಜೆಗೆ ಕೂತಿವೆ. ಮಾವ ಪಕ್ಕದಲ್ಲೇ ಓಡಿ ನೊಗದ ಗಂಟು ಬಿಚ್ಚುವಷ್ಟರಲ್ಲಿ ಅರ್ಧ ಹೊಲ ಸಪಾಟಾಗಿತ್ತು. ಪ್ಲೇಟು ಇದ್ದಲ್ಲೇ ಇತ್ತು.

ಗೌರಿಯನ್ನು ಕಂಬಳಿಯಲ್ಲಿ ಎತ್ತಿ ತಂದು ಸೀಟಿನಲ್ಲಿ ಕೂರಿಸಿದರು. ಆ ನೋವಿನಲ್ಲೂ ಕಾರನ್ನು ಒಂದು ಸಲ ನೋಡಿ, "ಈ ಕಪ್ಪೇಲಿ ಕುಂತ್ಕೊಂಡು ಹೋಗ್ಬೇಕಾ ನಾನು?" ಅಂದಳು. ಹಲ್ಲು ಕಚ್ಚಿ ನನ್ನ ಕೈ ಹಿಡಿದಳು. ಎರಡೇ ಸೀಟು. ಕೈ ಬಿಡಿಸಿಕೊಂಡು ಹಿಂದೆ ಸರಿಯಬೇಕಾಯಿತು. ಡಾಕ್ಟ್ರಮ್ಮ ಇಂಜಿನ್ ನಿಲ್ಲದ ಹಾಗೆ ಗುರ್ರೆನ್ನಿಸುತ್ತ ಬಳಸು ದಾರಿ ಹಿಡಿದು ಹೊರಟರು. ನಾನು ಅಷ್ಟರಲ್ಲಿ ವಾಪಸ್ ಬಂದಿದ್ದ ಪಕ್ಕದ ಮನೆಯವನ ಸೈಕಲ್ ಕಿತ್ತುಕೊಂಡು ಹಿಂದೆ ಹೊರಟೆ.

ಬ್ಯಾಡರಹಳ್ಳಿಯಿಂದ ದೊಡ್ಡಾಸ್ಪತ್ರೆಗೆ ಸೈಕಲ್ ತುಳಿಯಲು ಬಹಳ ಹೊತ್ತು ಬೇಕು. ನಾನು ಅವತ್ತು ಪಟ್ಟ ಪಾಡು ಓದುವವರಿಗೂ ಸ್ವಲ್ಪ ತಿಳಿಯಲಿ ಎಂದು ನಡುವೆ ಪ್ಲೇಟಿನ ಕಥೆ ಮುಗಿಸಿಬಿಡುತ್ತೇನೆ. ಹಬ್ಬ ಕಳೆದ ಮೇಲೆ ಮೇಸ್ತ್ರಿ ಕಾರಿನ ಮೂತಿ ನೋಡಿ, ನನ್ನ ಮೂತಿ ನೋಡಿ, ಅವತ್ತೊಂದು ದಿನ ಬೈಯಲಿಲ್ಲ. "ನಾನೂ ಹ್ಯಾಂಡಲ್ ಹಾಕಿ ನೋಡ್ಲಿಲ್ಲ ಕಣೋ. ಟೂಲ್ಸ್ ಬೇಡ ಅಂದೋನೂ ನಾನೇ" ಅಂದರು. ಪ್ಲೇಟು ಬಿಚ್ಚಲು ಬರುವುದಿಲ್ಲ, ಹ್ಯಾಂಡಲಿಗೆ ದಾರಿ ಬೇಕು. ಅಳೆದು ನೋಡಿದರೆ ನಂಬರಿನ ನಡುವೆ ಒಂದು ಸೊನ್ನೆ ಇತ್ತು, ಹ್ಯಾಂಡಲಿನ ತೂತಿಗೆ ಸರಿಯಾಗಿ ಎದುರಿಗೆ. ಆ ಸೊನ್ನೆಯ ಹೊಟ್ಟೆಯನ್ನು ಕೊರೆದು ತೆಗೆದೆ. ಇನ್ಸ್‌ಪೆಕ್ಟರು ಬಂದು ಸೊನ್ನೆಯೊಳಗೆ ಬೆರಳು ತೂರಿಸಿ, "ಏನ್ರೀ ಇದು?" ಅಂದರು. ಮೇಸ್ತ್ರಿ ಗಂಭೀರವಾಗಿ, "ಸೊನ್ನೆ ಸಾರ್. ಒಳಗೇನೂ ಇರಬಾರದಲ್ಲ" ಅಂದರು. ಇನ್ಸ್‌ಪೆಕ್ಟರು ನಕ್ಕಿದ್ದನ್ನು ನಾವು ನೋಡಿದ್ದು ಅದೊಂದೇ ಸಲ. ಗಾಡಿಗೆ ಏನೇ ಕೂರಿಸಿದರೂ, ಕೂರಿಸಿದ ಮೇಲೆ ಆ ಗಾಡಿಯಲ್ಲಿ ಮಾಡಬೇಕಾದ ಪ್ರತಿಯೊಂದು ಕೆಲಸವನ್ನೂ ಒಂದು ಸಲ ಮಾಡಿ ನೋಡಬೇಕು. ಗಟ್ಟಿಯಾಗಿದೆ ಅನ್ನುವುದು ಅರ್ಧ ಕೆಲಸ, ಬಿಚ್ಚಲು ಬರುತ್ತದೆ ಅನ್ನುವುದು ಇನ್ನರ್ಧ. ಇಷ್ಟು ಕಲಿಯಲು ನನಗೆ ಒಂದು ಹಳ್ಳ ಬೇಕಾಯಿತು.

ಆಸ್ಪತ್ರೆ ಮುಟ್ಟಿದಾಗ ಸಂಜೆಯಾಗಿತ್ತು. ಕಪ್ಪೆ ಕಾರು ಬಾಗಿಲ ಹತ್ತಿರ ಓರೆಯಾಗಿ ನಿಂತಿತ್ತು, ಬಾಳೆಕಂದು ಮುರಿದು ಬಾನೆಟ್ ಮೇಲೆ ಬಿದ್ದಿತ್ತು. ಒಳಗೆ ಹೋಗದೆ ಆ ಕಾರಿನ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಯಾರಾದರೂ ಬಂದು ಏನಾದರೂ ಹೇಳುವವರೆಗೆ ಏನೂ ಆಗಿಲ್ಲ ಎಂದು ನಂಬಿಕೊಂಡಿರಬಹುದಲ್ಲ ಅನ್ನಿಸಿತ್ತು.

ಡಾಕ್ಟ್ರಮ್ಮ ತಾವೇ ಬಂದರು. ಸೀರೆಯ ಅಂಚಿನಲ್ಲಿ ಹಳ್ಳದ ಕೆಸರು ಒಣಗಿತ್ತು.

"ಏಳಿ ರಂಗಪ್ಪ. ಇಬ್ಬರೂ ಚೆನ್ನಾಗಿದ್ದಾರೆ. ಆಪರೇಷನ್ ಆಯ್ತು. ಹೆಣ್ಣು ಮಗು."

ಗೌರಿ ನಿದ್ದೆಯಲ್ಲಿದ್ದಳು. ಅವಳ ಹಣೆ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ನನ್ನ ಕೈಗೆ ಕೊಟ್ಟಳು. ಜೀವನದಲ್ಲಿ ಅಷ್ಟು ಸಣ್ಣದನ್ನು, ಅಷ್ಟು ಬೆಲೆಯುಳ್ಳದ್ದನ್ನು ನಾನು ಹಿಡಿದಿರಲಿಲ್ಲ. ಜಾರಿಬಿಟ್ಟರೆ ಎಂಬ ಭಯಕ್ಕೆ ಎರಡು ಕೈಯಲ್ಲೂ ಎದೆಗೆ ಒತ್ತಿ ಹಿಡಿದೆ. ಮಗು ಕೆಂಪಗಾಗಿ, ಆಸ್ಪತ್ರೆಯೇ ಹಾರಿಹೋಗುವ ಹಾಗೆ ಕಿರುಚಿತು.

ಡಾಕ್ಟ್ರಮ್ಮ ನನ್ನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದರು. "ಅಷ್ಟು ಬಿಗಿ ಬೇಡ ರಂಗಪ್ಪ" ಅಂದರು. "ಇದು ಎಲ್ಲೂ ಬಿದ್ದುಹೋಗಲ್ಲ."